ನಪುಂಸಕಲಿಂಗ, ಏಕವಚನ

ಒಂಬತ್ತನೇ ‘ಬಿ’, ಶನಿವಾರ, ಕೊನೆಯ ಪಿರಿಯಡ್ಡು.
ಸಿಸ್ಟರ್ ಕ್ಲೋಟಿಲ್ಡಾ ಬೋರ್ಡಿನ ಮೇಲೆ ಬರೆದರು:
ಡೆರ್, ಡೀ, ಡಾಸ್.
ಸೂರ್ಯ ಹೆಣ್ಣಂತೆ, ಚಂದ್ರ ಗಂಡಂತೆ,
ಕಿಟಕಿಯಾಚೆ ಬೈತಖೋಲದ ಬೋಟು ಹೊತ್ತ ಕಡಲು
ಎರಡೂ ಅಲ್ಲವಂತೆ.
ಬರೆದುಕೊಂಡೆವು. ಪರೀಕ್ಷೆಗೆ ಬರುತ್ತದೆ.

ಹುಡುಗಿ?
ಡಾಸ್ ಮೇಡ್ಶೆನ್.
ಗಂಡುಬೆಂಚು ಹೋ ಎಂದಿತು:
ಚಾಕುವೂ ಡಾಸ್, ಹುಡುಗಿಯೂ ಡಾಸ್!
ಸಿಸ್ಟರ್ ಕನ್ನಡಕ ಒರೆಸಿಕೊಂಡರು:
‘ಬಾಲಕ್ಕೆ ಶೆನ್ ಹತ್ತಿದರೆ ಅದು ಪುಟ್ಟದು,
ಪುಟ್ಟದೆಲ್ಲ ಡಾಸ್.
ಕಲೋನಿನ ಆಸ್ಪತ್ರೆಯಲ್ಲಿ ನಾನೂ ಮೊದಲು ನಕ್ಕಿದ್ದೆ.’

ನನಗೆ ನಗು ಬರಲಿಲ್ಲ.
ಮನೆಯಲ್ಲಿ ಅಜ್ಜಿಯ ಕೊಂಕಣಿಗೆ ನಾನು ‘ತೆಂ’:
ತೆಂ ಆಯ್ಲೆಂ, ಅದು ಬಂತು.
ಪಕ್ಕದಲ್ಲಿ ಶಿರಸಿಯ ಪ್ರಣೀತಾ ಹೆಗಡೆ ಪಿಸುಗುಟ್ಟಿದಳು:
‘ನಮ್ಮಲ್ಲಿ ಮುದುಕಿಯಾದರೂ ಬಂತು, ಹೋತು, ಅಷ್ಟೇ.’

ಅಕ್ಕ ಮಾತ್ರ ಹೋದ ತಿಂಗಳಿಂದ ‘ತಿ’.
ಅರಿಶಿನದ ನೀರು ಬಿದ್ದದ್ದೇ
ವ್ಯಾಕರಣ ಬದಲಾಯಿತು.
ಫೋನಿನಲ್ಲಿ ಈಗ ಏನು ಕೇಳಿದರೂ
‘ಇವರನ್ನು ಕೇಳಿ ಹೇಳ್ತೆ’ ಅನ್ನುತ್ತಾಳೆ.

ಹಾಳೆಯ ಅಂಚಿನಲ್ಲಿ
ಡಾಸ್ ಎಂದು ಇನ್ನೊಮ್ಮೆ ಬರೆದೆ,
ಟೀಚರ ಕೆಂಪು ಶಾಯಿಯಲ್ಲೇ.
ಇರಲಿ, ಇನ್ನಷ್ಟು ದಿನ.
ಕಡಲೂ ಅದೇ ಅಲ್ಲವೇ.