ಎರಡು ಮಡಿಕೆ

ಮದ್ಮಲ್ ಮೀನು ಅರೆದು, ತೊಳೆದು, ಬೇಯಿಸಿದ ಬಿಲ್ಲೆ.
ಮದ್ಮಲ್ ಎಂದರೆ ಮದುಮಗಳು. ಅರೆದ ಮೇಲೆ
ಅವಳಿಗೆ ಹೆಸರೂ ಇಲ್ಲ, ಕೆಂಪೂ ಇಲ್ಲ.
ಕುರೊಕಾವಾ ಸಾನ್ ಬಿಳಿ ಗಂಬೂಟಿನಲ್ಲಿ ನಿಂತು
ಎರಡು ನಾಣ್ಯದ ದಪ್ಪಕ್ಕೆ ಒಂದು ತುಂಡು ಕೊಯ್ದು
ಒಮ್ಮೆ ಮಡಿಸಿದರು. ಸೀಳಲಿಲ್ಲ.
ಮಡಿಸಿದ್ದನ್ನು ಮತ್ತೆ ಮಡಿಸಿದರು.
ಅಂಚಿನಲ್ಲಿ, ಕೂದಲೆಳೆಯಷ್ಟು,
ಸೀಳಿತೋ ಇಲ್ಲವೋ.

ಲ್ಯಾಬಿನ ಫ್ರಿಜ್ಜು ಗುಂಯ್ ಎನ್ನುತ್ತಿತ್ತು.
ಹಾಜಿಯವರು ನನ್ನ ಮುಖ ನೋಡಿದರು,
ಇಡೀ ಜಪಾನು ನನ್ನ ಮೂಗಿನ ಮೇಲೆ ಕೂತ ಹಾಗೆ.
ಕುರೊಕಾವಾ ಸಾನ್ ಹಲ್ಲಿನ ಸಂದಿಯಿಂದ ಗಾಳಿ ಎಳೆದು,
ಕತ್ತು ತುಸು ಓರೆ ಮಾಡಿ, ಅಂದರು:
ಕಾಎನಾಯ್ ಕೊತೊ ಮೊ ನಾಯ್.

ಎರಡು ನಾಯ್.
ಕಲ್ಸಂಕದ ಹೊಲಿಗೆ ಅಂಗಡಿಯ ಮಾಳಿಗೆಯಲ್ಲಿ
ಡಯಾನಾ ಟೀಚರ್ ಇದನ್ನು ಬೋರ್ಡಿನ ಮೇಲೆ ಬರೆದ ಸಂಜೆ
ನಾವು ಐದು ಮಂದಿ ಬೆಂಚು ಬಡಿದು ನಕ್ಕಿದ್ದೆವು.
ಕೆಳಗಿನ ಮಿಷನ್ನು ಕೂಡ ನಿಂತಿತ್ತು ಒಂದು ಗಳಿಗೆ.
'ನಾಯ್ ಅಂದರೆ ಇಲ್ಲ ಮಾರಾಯ್ರೆ, ಬೊಗಳುವುದಲ್ಲ' ಎಂದು
ಟೀಚರ್ ಚಾಕ್ ಹಿಡಿದೇ ನಕ್ಕು, ಮತ್ತೆ ಸುಮ್ಮನಾಗಿ,
'ಆದರೂ ಹಾಗೇ ನೆನಪಿಡಿ.
ಗೇಟಿನ ಆಚೆ ಒಂದು, ಈಚೆ ಒಂದು ಕಟ್ಟಿದ್ದಾರೆ.
ನಡುವೆ ದಾರಿ ಉಂಟು.
ಸೆರಗು ಹಿಡಿದುಕೊಂಡು ಹೋಗಬೇಕು, ಅಷ್ಟೆ.'
ಸ್ವಂತ ವಾಕ್ಯ ಒಂದು ಬರೆದು ತನ್ನಿ ಎಂದಿದ್ದರು.
ನನ್ನ ಪುಸ್ತಕದಲ್ಲಿ ಆ ಸಾಲು ಇನ್ನೂ ಖಾಲಿ.

'ಎಂತ ಹೇಳಿದ್ದು?' ಹಾಜಿಯವರು.
ಕೊಳ್ಳುತ್ತಾರೆ ಎಂದರೆ ಸುಳ್ಳು.
ಕೊಳ್ಳುವುದಿಲ್ಲ ಎಂದರೆ ಇನ್ನೂ ದೊಡ್ಡ ಸುಳ್ಳು.
ಶಾಲೆಯ ಲೆಕ್ಕದಲ್ಲಿ ಋಣವನ್ನು ಋಣದಿಂದ ಗುಣಿಸಿದರೆ ಧನ;
ಪ್ಯಾಟೆಯಲ್ಲಿ, ಬಾಯಲ್ಲಿ, ಹಾಗಾಗುವುದಿಲ್ಲ.
ಏನೋ ಒಂದು ಉಳಿಯುತ್ತದೆ,
ಲಿಂಬೆ ಉಜ್ಜಿ ತೊಳೆದ ಕೈಯಲ್ಲಿ ಮೀನು ಉಳಿಯುವ ಹಾಗೆ.
'ಕೊಳ್ಳಲಿಕ್ಕೆ ಆಗುವುದಿಲ್ಲ
ಅಂತ ಏನೂ ಇಲ್ಲವಂತೆ' ಎಂದೆ.
ನನ್ನ ಕನ್ನಡ ಇಷ್ಟು ಸುಲಭಕ್ಕೆ ಬಗ್ಗಿದ್ದು ಕಂಡು
ನನಗೇ ಆಶ್ಚರ್ಯ.

ಹಾಜಿಯವರಿಗೆ ಇಲ್ಲ.
'ಹಾಗಾದರೆ ಕಿಲೋಗೆ ಎಷ್ಟು ಇಳಿಸಬೇಕು ಕೇಳು' ಎಂದರು.
ನಲವತ್ತು ವರ್ಷ ಮಲ್ಪೆ ಧಕ್ಕೆಯಲ್ಲಿ ಹರಾಜು ಕೂಗಿದ ಮನುಷ್ಯ.
ನಾನು ಎರಡು ವರ್ಷ ಫೀಸು ಕಟ್ಟಿ ಕಲಿತದ್ದು
ಅವರಿಗೆ ಎರಡು ಉಸಿರಿನ ಕೆಲಸ.

ಮಾತು ಮುಗಿಯಲಿಲ್ಲ. ರಾತ್ರಿ ಫೋನು ಬರುತ್ತದಂತೆ,
ಅಲ್ಲಿಯವರನ್ನು ಕೇಳಿ.
ಹೊರಗೆ ಐಸ್ ಕರಗಿದ ನೀರಿನಲ್ಲಿ ನಿಂತಿದ್ದರು
ಎರಡನೇ ಪಾಳಿಯವರು, ಮೂವತ್ತೆಂಟು ಜನ.
'ನಾಳೆ ಕೆಲಸ ಉಂಟಾ ಇಲ್ವಾ?' ಸುಗಂಧಿ ಮೆಂಡನ್ ಕೇಳಿದಳು.
'ಇಲ್ಲ ಅಂತ ಇಲ್ಲ.'

ಯಾರೂ ನಗಲಿಲ್ಲ. ಯಾರೂ ಬಯ್ಯಲಿಲ್ಲ.
'ನಮ್ಮ ಮನೆ ಸೈಟಿಗೂ ಪಂಚಾಯತಿನಲ್ಲಿ
ಹನ್ನೊಂದು ವರ್ಷದಿಂದ ಇದೇ ಹೇಳುವುದು' ಎಂದು
ಸುಗಂಧಿ ಕೊಡೆ ಹುಡುಕಲು ಹೋದಳು.
ಕೊಪ್ಪಳದ ರೇಣವ್ವ ಮಾತ್ರ ನಿಂತಳು,
ಕಸದ ಡಬ್ಬಿಯ ಮೇಲೆ ಚಾಚಿದ್ದ ಕೈ ಹಿಂದಕ್ಕೆ ತೆಗೆದು.
'ಹಂಗಂದ್ರ ಗ್ಲೌಸು ಒಗೀಬಾರ್ದು ಬಿಡ್ರಿ.'

ನೀರು ಝಾಡಿಸಿ, ಒಳಗಿನದು ಹೊರಗೆ ಮಾಡಿ,
ಗೋಡೆಯ ಮೊಳೆಗೆ ಸಿಕ್ಕಿಸಿದಳು.
ಬೋಟುಗಳ ಕಡೆಯಿಂದ ಗಾಳಿ ಬಂದಾಗೆಲ್ಲ
ಹಳದಿ ಬೆರಳುಗಳು ತುಂಬುತ್ತವೆ,
ಏನನ್ನೋ ಎಣಿಸುವ ಹಾಗೆ,
ಮತ್ತೆ ಜೋಲುತ್ತವೆ.