ಎಂಟು ಮೀಟರ್

ಮೂವತ್ತೊಂದು ವರ್ಷ ಈ ರಸ್ತೆಯನ್ನು ನಾನು
ಮೇಲಿನಿಂದ ಬಲ್ಲೆ.
ಗ್ರೇಡರಿನ ಗಾಜುಗೂಡಿನಲ್ಲಿ ಕೂತು
ಹನ್ನೆರಡು ಅಡಿ ಅಲಗನ್ನು ಓರೆಯಾಗಿ ಇಳಿಸಿ
ಗರಸು ಹೆರೆದು, ಹರವಿ, ಸವರಿ
ಸರೋವರದ ಸುತ್ತ ನಲವತ್ತಮೂರು ಕಿಲೋಮೀಟರ್,
ಬೇಸಿಗೆಗೆ ಆರು ಸುತ್ತು.

ಈಗ ಕೆಳಗಿನಿಂದ ಕಲಿಯುತ್ತಿದ್ದೇನೆ,
ಅಂಗೈಯಿಂದ.

ಸೈಕಲ್ಲು ಐಲಾಳ ಅಳಿಯನದು.
ಗಂಟುಗಂಟು ಟಯರು, ಬಾಗಿದ ಕೊಂಬಿನ ಹ್ಯಾಂಡಲ್ಲು.
ಟಗರು ಅದು. ಮೊದಲ ವಾರದಲ್ಲೇ ಎರಡು ಸಲ
ನನ್ನನ್ನು ಬೆರ್ರಿ ಪೊದೆಗೆ ಗುಮ್ಮಿತು.
ಐಲಾ ನಗಲಿಲ್ಲ. ಸೂಲಗಿತ್ತಿಯಾಗಿದ್ದವಳು,
ಜಾರಿ ಬರುವುದನ್ನು ಹಿಡಿದೇ ಹೊಟ್ಟೆ ಹೊರೆದವಳು.
ಹಿಂದೆಲ್ಲ ಮಂಜು ಕರಗಿ ರಸ್ತೆ ಅಂಬಲಿಯಾದಾಗ
ಫೋನು ಮಾಡಿ ಬೈಯುತ್ತಿದ್ದವಳೂ ಇವಳೇ:
"ತೌನೋ, ನಿನ್ನ ರಸ್ತೆಯ ಕುಲುಕಿಗೆ
ಪಾಸೊನೆನ್ ಮನೆಯ ಕೂಸು ಕಾರಿನಲ್ಲೇ ಹುಟ್ಟಿತು.
ಹೆಣ್ಣಾಯಿತು, ಇಲ್ಲದಿದ್ದರೆ
ನಿನ್ನ ಹೆಸರೇ ಇಡಿಸುತ್ತಿದ್ದೆ."

ರಾತ್ರಿ ಹತ್ತು ಗಂಟೆ.
ಸೂರ್ಯನಿಗೆ ಇನ್ನೂ ಮನೆಗೆ ಹೋಗುವ ಮನಸ್ಸಿಲ್ಲ.
ದಾರಿಯಲ್ಲಿ ನಾವಿಬ್ಬರೇ, ಮತ್ತೆ ಸೊಳ್ಳೆ.
ಬರ್ಚ್ ಮರಗಳ ಸಂದಿಯಲ್ಲಿ ನೀರು
ಕಾಣುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣುತ್ತದೆ,
ಎಷ್ಟು ಪೆಡಲ್ ತುಳಿದರೂ ಜೊತೆಗೇ ಬರುತ್ತದೆ.
ಟಯರಿನಡಿ ಕಲ್ಲುಸಕ್ಕರೆ ಕಡಿದ ಸದ್ದು.
ಯಾವುದೋ ಮನೆಯವರು ಸೌನಾಕ್ಕೆ ಸೌದೆ ಒಟ್ಟಿದ್ದಾರೆ,
ಹೊಗೆ ರಸ್ತೆಗಡ್ಡ ಮಲಗಿದೆ.

ದೂರದ ಬೆಟ್ಟವಷ್ಟೇ ಅಲ್ಲ,
ಕಾಲಡಿಯ ರಸ್ತೆಯೂ ನುಣ್ಣಗೆ,
ಗಾಜಿನೊಳಗೆ ಕೂತವನಿಗೆ.
ಇಲ್ಲಿ ಪ್ರತಿಯೊಂದು ಪಕ್ಕೆಲುಬೂ ಬಾಯಿಬಿಡುತ್ತದೆ:
ಇದು ನೀನು ಊಟಕ್ಕೆ ಅವಸರ ಮಾಡಿದ ಜಾಗ,
ಇದು ಹೆಂಡತಿಯೊಡನೆ ಜಗಳವಾಡಿ ಬಂದ ಸೋಮವಾರ.
ಮುಂಗೈ ನಡುಗುತ್ತದೆ, ಹಲ್ಲು ಕಟಕಟ.
ಐಲಾ, ನೀನು ಬೈದದ್ದು ಕಡಿಮೆಯೇ ಆಯಿತು.

ಹಾಲಿನ ಕ್ಯಾನು ಇಡುತ್ತಿದ್ದ ಮುರುಕಲು ಕಟ್ಟೆ,
ಐದು ಅಂಚೆಪೆಟ್ಟಿಗೆ (ಎರಡಕ್ಕೆ ಹೆಸರಿಲ್ಲ),
ಆಮೇಲೆ ಆ ತಿರುವು.

ಅಲ್ಲಿ ಒಂದು ಜೂನ್, ಅಲಗಿನ ಮುಂದೆ
ಮುಷ್ಟಿಗಾತ್ರದ ಹಕ್ಕಿಯೊಂದು
ರೆಕ್ಕೆ ಮುರಿದಂತೆ ನಟಿಸುತ್ತ ಹೊರಳಿತು.
ಇಂಜಿನ್ ಆರಿಸಿ ಇಳಿದೆ.
ಕಲ್ಲುಗಳ ನಡುವೆ ನಾಲ್ಕು ಕಲ್ಲು.
ಆ ನಾಲ್ಕು ಬೆಚ್ಚಗಿದ್ದವು.

ಅಲಗೆತ್ತಿದೆ. ಎಂಟು ಮೀಟರ್ ದಾಟಿ ಇಳಿಸಿದೆ.
ಮುಂದಿನ ಜೂನೂ ಹಾಗೆಯೇ.
ಹಕ್ಕಿ ಬಾರದ ಜೂನೂ ಹಾಗೆಯೇ.
"ತಿರುವಿನಲ್ಲಿ ಕೆಲಸ ಬಾಕಿ ಉಳಿದಿದೆ" ಎಂದು
ಇಲಾಖೆಯಿಂದ ಪತ್ರ ಬಂತು, ಒಂದಲ್ಲ, ಮೂರು.
ಉತ್ತರ ಬರೆಯಲಿಲ್ಲ.
ಏನೆಂದು ಬರೆಯುವುದು?
ಹದಿನಾರು ಟನ್ ಯಂತ್ರದ ಮೇಲೆ ಕೂತ ಗಂಡಸು
ಹಿಡಿ ಪುಕ್ಕಕ್ಕೆ ಹೆದರಿದನೆಂದೇ?

ನಿವೃತ್ತಿಯ ದಿನ ಎಲ್ಮೇರಿ ಎಂಬ ಹುಡುಗನ ಕೈಗೆ
ಕೀಲಿ ಕೊಟ್ಟೆ, ಆಯಿಲ್ ನೋಡುವ ಕಡ್ಡಿ ತೋರಿಸಿದೆ,
ಸೀಟು ಹಿಂದಕ್ಕೆ ಸರಿಯುವುದಿಲ್ಲ, ಒದೆಯಬೇಕು ಅಂದೆ.
ಅಷ್ಟೇ. ಕಾಫಿ ಕುಡಿದು ಮನೆಗೆ ಬಂದೆ.

ಇವತ್ತು ಆ ತಿರುವಿಗೆ
ಕೈ ಸಡಿಲಬಿಟ್ಟೇ ಬಂದೆ.
ಹೊಸಬ, ನಿನ್ನೆಯಷ್ಟೇ ಹೆರೆದಿದ್ದಾನೆ,
ರಸ್ತೆಯಿನ್ನೂ ಹಸಿಹಸಿ, ರೇಷ್ಮೆ.

ತಟ್. ತಟತಟತಟ ತಟತಟ ತಟ್—
ಮತ್ತೆ ರೇಷ್ಮೆ.

ಬ್ರೇಕು ಹಿಡಿದು ಹಿಂದಕ್ಕೆ ನಡೆದೆ.
ಇಲ್ಲಿ ಅಲಗು ಎದ್ದ ಗೆರೆ. ಅಲ್ಲಿ ಇಳಿದ ಗೆರೆ.
ಹೆಜ್ಜೆ ಹಾಕಿ ಅಳೆದೆ, ಅಳೆಯುವುದೇನೂ ಬೇಕಿರಲಿಲ್ಲ.
ಮಂಡಿಯೂರಿ ಹುಡುಕಿದೆ.
ಗೂಡಿಲ್ಲ. ಲೂಪಿನ್ ಹೂವಿನ ಎಸಳು,
ಒಂದು ಸಿಗರೇಟು ತುಂಡು, ಹುಡುಗನದೇ ಇರಬೇಕು.
ಇಳಿದಿದ್ದಾನೆ. ನಿಂತಿದ್ದಾನೆ. ನೋಡಿದ್ದಾನೆ.
ಯಾವ ಜೂನಿನಲ್ಲೋ, ನನಗೆ ಗೊತ್ತಿಲ್ಲ.

ಐಲಾ ಅಷ್ಟು ದೂರದಿಂದ ಕೂಗಿದಳು: "ಚೈನು ಬಿತ್ತೇ?"
"ಇಲ್ಲ."
"ಮತ್ತೇನು ಅಲ್ಲಿ, ಪ್ರಾರ್ಥನೆಯೇ?"

ಮೊಣಕಾಲಿನ ಗರಸು ಕೊಡವಿಕೊಂಡೆ.
"ಹುಡುಗ ರಸ್ತೆಯ ಬೆನ್ನು ಸರಿಯಾಗಿ ಎತ್ತಿಲ್ಲ," ಅಂದೆ,
"ಮಳೆ ಬಂದರೆ ನೀರು ನಿಲ್ಲುತ್ತದೆ."

ಅದೂ ನಿಜವೇ.