ಬ್ರೇಕಿನ ತಂತಿ

ಎಲ್ಲರಿಗಿಂತ ಹಿಂದಿನ ಸೈಕಲ್ಲು ನನ್ನದು.
ಮುಂದೆ ದಿತಾಪೆಲೊ, ಬೆನ್ನಿಗೆ ಅಡ್ಡ ಬಂದೂಕು,
ನಡುವೆ ಓಸ್ಲೋದಿಂದ ಬಂದ ನಾಲ್ವರು,
ಮೂಗಿನ ಮೇಲೆ ಬಿಳಿ ಮುಲಾಮು.
ಹೊರಡುವಾಗ ಅವಳು ಹೇಳಿದ್ದು ಇಷ್ಟೇ:
"ನಾನು ಕೈ ಎತ್ತಿದರೆ ನಿಲ್ಲಿ. ಕಾಲು ನೆಲಕ್ಕೆ.
ಓಡಿದವರನ್ನು ನಾನು ಕಾಯಲಾರೆ."

ಇಲ್ಲಿ ದಾರಿ ಹಾಕಿದವರು ನಾವಲ್ಲ.
ಆನೆಗಳು ಹಾಕಿದ್ದು, ನೀರಿನ ಕಡೆಗೆ,
ಅಜ್ಜಿಯ ಹಿಂದೆ ಮಗಳು, ಮಗಳ ಹಿಂದೆ ಮರಿ,
ಒಂದೇ ಗೆರೆಯನ್ನು ತಿದ್ದಿ ತಿದ್ದಿ.
ಚಕ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ.
ಲದ್ದಿ ಕಂಡರೆ ಬಳಸಿ ಹೋಗುತ್ತೇವೆ, ಮರ್ಯಾದೆಗಲ್ಲ,
ಅದರೊಳಗೆ ಮುಳ್ಳಿರುತ್ತದೆ.

ಮುಳ್ಳು ನನಗೇ ಸಿಕ್ಕಿತು.
ಮೊತ್ಲೌತ್ಸೆ ಹೊಳೆಯ ಒಣಮರಳಿಗೆ ಇಳಿಯುವ ಮೊದಲೇ
ಹಿಂದಿನ ಗಾಲಿ ಉಸ್ಸೆಂದಿತು.
ಸೈಕಲ್ಲನ್ನು ತಲೆಕೆಳಗು ಮಾಡಿ, ಟ್ಯೂಬು ಎಳೆದು,
ಎಂಜಲು ಹಚ್ಚಿ ತೂತು ಹುಡುಕುವಾಗೆಲ್ಲ
ಅಪ್ಪನ ಸೈಕಲ್ಲು ನೆನಪಾಗುತ್ತದೆ.
ಅದಕ್ಕೆ ಬ್ರೇಕೇ ಇರಲಿಲ್ಲ.
ಟೈರಿಗೆ ಚಪ್ಪಲಿ ಒತ್ತಿ ನಿಲ್ಲಿಸುತ್ತಿದ್ದ.
"ತಂತಿ ಎಲ್ಲಿ?" ಎಂದೆ ಒಮ್ಮೆ.
"ಕೆಲಸಕ್ಕೆ ಹೋಗಿದೆ" ಎಂದ.
ಎರಡು ದಿನ ಬಿಟ್ಟು ಮನೆಯಲ್ಲಿ ಇಂಪಾಲದ ಸಾರು.
ನಾನು ಎರಡು ಸಲ ಬಡಿಸಿಕೊಂಡೆ.
ಅದನ್ನೂ ಹೇಳಬೇಕು.

ಗಾಲಿ ಮತ್ತೆ ಕೂರಿಸಿ
ಸರಿಯಿದೆಯೇ ಎಂದು ಒಮ್ಮೆ ತಿರುಗಿಸಿದೆ.
ದಿತಾಪೆಲೊ ಕೈ ಎತ್ತಿದಳು.

ಮಶಾತು ಮರದ ನೆರಳು ಕದಲಿತು.
ನೆರಳಲ್ಲ.
ಎರಡು, ಮೂರು, ಏಳು.
ಅಷ್ಟು ಭಾರ, ಮರಳಿಗೆ ಸುದ್ದಿಯೇ ಇಲ್ಲ.
ಓಸ್ಲೋದ ಹುಡುಗಿಯ ಹಲ್ಲು ಕಟಕಟ ಅನ್ನುವುದೊಂದು,
ನಿಲ್ಲಿಸಲು ನನಗೆ ಧೈರ್ಯ ಬಾರದ ಗಾಲಿ
ಟಿಕ್, ಟಿಕ್, ಟಿಕ್ ಅನ್ನುವುದೊಂದು.

ಮುಂದಿನವಳು ಬಂದಳು. ಕಿವಿಯ ಅಂಚು ಹರಿದ ಹಾಳೆ.
ಸೊಂಡಿಲು ಚಾಚಿ ಗಾಲಿಯನ್ನು ಮುಟ್ಟಿದಳು.
ನಿಂತಿತು.
ರಬ್ಬರು ಮೂಸಿದಳು, ಚೈನಿನ ಎಣ್ಣೆ ಮೂಸಿ ಮುಖ ಸಿಂಡರಿಸಿದಳು
(ಆನೆಯ ಮುಖ ಸಿಂಡರಿಸಿದ್ದು ನಿನಗೆ ಹೇಗೆ ತಿಳಿಯಿತು ಎಂದು
ರಾತ್ರಿ ದಿತಾಪೆಲೊ ನಕ್ಕಳು),
ಬ್ರೇಕಿನ ತಂತಿಯ ಹತ್ತಿರ ಬಂದು
ಅಲ್ಲೇ ಉಳಿದಳು.

ಗೊತ್ತಾಯಿತೇ? ಗೊತ್ತಾಗಿರಲಿಕ್ಕಿಲ್ಲ.
ಉಕ್ಕಿಗೆ ಎಲ್ಲ ಕಡೆ ಒಂದೇ ವಾಸನೆ.
ಉಳಿದವರು ನನ್ನನ್ನು ಕಲ್ಲೆಂದುಕೊಂಡು ದಾಟಿದರು.
ಏಳನೆಯವಳು, ಕಡೆಯವಳು, ತುಸು ಕುಂಟುತ್ತಿದ್ದಳು,
ಗೆಜ್ಜೆ ಕಟ್ಟುವ ಜಾಗದಲ್ಲಿ
ಕಾಲಿನ ಸುತ್ತ ಒಂದು ನುಣುಪು ಗೆರೆ.
ಅಪ್ಪ ಒಡ್ಡುತ್ತಿದ್ದುದು ಇಂಪಾಲಕ್ಕೆ.
ಉರುಳಿಗೆ ಅದು ಗೊತ್ತಿರುವುದಿಲ್ಲ.

ಓಸ್ಲೋದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು.
ಯಾರೂ ಫೋಟೋ ತೆಗೆದಿರಲಿಲ್ಲ.
"ಹೋಗೋಣ," ಎಂದಳು ದಿತಾಪೆಲೊ, "ಬಿಸಿಲೇರುತ್ತಿದೆ."
ಟೈರಿನ ಮೇಲೆ ಅಂಗೈಯಗಲ ಒದ್ದೆ, ಮಣ್ಣಿನ ಬಣ್ಣದ್ದು.
ಒರೆಸಲಿಲ್ಲ; ಹತ್ತು ಸುತ್ತಿಗೆ ತಾನೇ ಹೋಯಿತು.

ಹೊಳೆಯ ದಂಡೆ ಕಡಿದಾಗಿತ್ತು.
ಎರಡು ಬೆರಳಲ್ಲಿ ಬ್ರೇಕು ಒತ್ತಿದೆ.
ತಂತಿ ಬಿಗಿಯಿತು,
ಗಾಲಿ ನಿಲ್ಲುವಷ್ಟು,
ಅಷ್ಟೇ.